ದೇವೀರಮ್ಮನ ಮಂಡಿಗೆ ಯಾವ ಪ್ಲಾಸ್ಟಿಕ್ಕು?

ನಿವೃತ್ತಿಯ ದಿನ ಕಾರ್ಖಾನೆಯವರು ನನಗೆ ಶಾಲು ಹೊದಿಸಿ, ಹಾರ ಹಾಕಿ, ಒಂದು ಗೋಡೆ ಗಡಿಯಾರ ಕೊಟ್ಟರು. ಇನ್ನು ಮೇಲೆ ಹೊತ್ತು ನೋಡುವ ಅಗತ್ಯವೇ ಇಲ್ಲದವಳಿಗೆ ಗಡಿಯಾರ ಕೊಡುವುದು ಯಾರ ಉಪಾಯವೋ ತಿಳಿಯದು. ಮನೆಗೆ ತಂದವಳೇ ಅದರ ಹಿಂಬದಿಯ ಮುಚ್ಚಳ ಬಿಚ್ಚಿದೆ. ಒಳಗೆ ಬಿಳಿ ಪ್ಲಾಸ್ಟಿಕ್ಕಿನ ಪುಟ್ಟ ಚಕ್ರಗಳು. ಉಗುರಿನಿಂದ ಒತ್ತಿ ನೋಡಿದೆ, ಮೂಗಿನ ಹತ್ತಿರ ಹಿಡಿದೆ. ನಮ್ಮ ಮನೆಯವರು, "ಉಡುಗೊರೆ ಕೊಟ್ರೆ ಯಾರಾದ್ರೂ ಮೂಸಿ ನೋಡ್ತಾರೇನೇ ಗಿರಿಜಾ?" ಎಂದು ನಕ್ಕರು. ನೋಡುವವರೂ ಇದ್ದೇವೆ. ಇಷ್ಟು ವರ್ಷ ಅದಕ್ಕೇ ನನಗೆ ಸಂಬಳ ಬರುತ್ತಿತ್ತು.

ಹೊಸದಾಗಿ ಕೆಲಸಕ್ಕೆ ಸೇರುವವರಿಗಾಗಿ ನಾಲ್ಕು ಮಾತು ಬರೆದುಕೊಡಿ ಎಂದು ಕೇಳಿದ್ದಾರೆ. ಶಿಸ್ತು, ಶ್ರದ್ಧೆ, ಸಮಯಪಾಲನೆ ಇವುಗಳ ಬಗ್ಗೆ ಬರೆಯುತ್ತೇನೆ ಎಂದುಕೊಂಡಿರಬೇಕು. ಅವೆಲ್ಲ ಕಾರ್ಖಾನೆಯ ಗೋಡೆಯ ಮೇಲೆ ಈಗಾಗಲೇ ದೊಡ್ಡ ಅಕ್ಷರದಲ್ಲಿವೆ, ಅದರ ಕೆಳಗೇ ನಿಂತು ಎಲ್ಲರೂ ಹರಟೆ ಹೊಡೆಯುತ್ತಾರೆ. ನಾನು ಪ್ಲಾಸ್ಟಿಕ್ಕಿನ ಬಗ್ಗೆ ಬರೆಯುತ್ತೇನೆ, ನನಗೆ ಗೊತ್ತಿರುವುದು ಅದೊಂದೇ.

ನಮ್ಮದು ಆಲೂರಿನ ಹೊರವಲಯದಲ್ಲಿರುವ ಒಂದು ತಗಡಿನ ಶೆಡ್ಡು. ಒಳಗೆ ಕೆಲವು ಲೇತ್ ಯಂತ್ರಗಳು. ಪ್ಲಾಸ್ಟಿಕ್ಕಿನ ಉದ್ದನೆಯ ಸರಳುಗಳನ್ನು ತರಿಸಿ, ಕೊರೆದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಬಿಡಿಭಾಗ ಮಾಡುವುದು ನಮ್ಮ ಕೆಲಸ. ಔಷಧಿ ಹೊಡೆಯುವ ಪಂಪಿಗೆ, ಕಾಫಿ ಹಣ್ಣು ಸುಲಿಯುವ ಯಂತ್ರಕ್ಕೆ, ಹಾಲು ಕರೆಯುವ ಯಂತ್ರಕ್ಕೆ ಬೇಕಾಗುವ ಬುಷ್, ವಾಲ್ವ್, ಹಲ್ಲಿನ ಚಕ್ರ ಇತ್ಯಾದಿ. ನಾನು ಡಿಪ್ಲೊಮಾ ಮುಗಿಸಿ ಅಳತೆ ಪರೀಕ್ಷೆಯ ಮೇಜಿಗೆ ಬಂದು ಕುಳಿತೆ. ಆಮೇಲೆ ಯಾವ ಕೆಲಸಕ್ಕೆ ಯಾವ ಪ್ಲಾಸ್ಟಿಕ್ ಎಂದು ಹೇಳುವ ಜವಾಬ್ದಾರಿಯೂ ಬಂತು. ಹುದ್ದೆಯ ಹೆಸರು ಆಗಾಗ ಬದಲಾಗುತ್ತಿತ್ತು, ಮೇಜು ಮಾತ್ರ ಅದೇ.

ಈ ಕಸುಬಿನ ದೊಡ್ಡ ಕಷ್ಟ ಏನೆಂದರೆ ಎಲ್ಲವೂ ಬಿಳಿ. ನೈಲಾನ್ ಬಿಳಿ, ಅಸಿಟಾಲ್ ಬಿಳಿ, ದೋಸೆ ಕಾವಲಿಗೆ ಬಳಿಯುವ ಜಾತಿಯ ಪಿಟಿಎಫ್‌ಇ ಕೂಡ ಬಿಳಿ. ಅಸಿಟಾಲಿನಲ್ಲೇ ಮತ್ತೆ ಎರಡು ಬಗೆ, ಹೋಮೋಪಾಲಿಮರ್ ಮತ್ತು ಕೋಪಾಲಿಮರ್. ಅವೆರಡೂ ಒಂದೇ ಬಿಳಿ, ಒಂದೇ ತೂಕ, ಒಂದೇ ನುಣುಪು. ನಾವು ಬಾಯಿಗೆ ಸುಲಭವಾಗಲಿ ಎಂದು 'ಹೋಮೋ', 'ಕೋ' ಎನ್ನುತ್ತಿದ್ದೆವು. ಅಟ್ಟಣಿಗೆಯ ಮೇಲೆ ಇವೆಲ್ಲ ಒಟ್ಟಿಗೆ ಮಲಗಿದ್ದರೆ ಹೆತ್ತ ತಾಯಿಗೂ ಗುರುತು ಸಿಗದು.

ನಮ್ಮ ಮಾಲೀಕರು ರುದ್ರಪ್ಪನವರಿಗೆ ಮಾತ್ರ ಈ ಕಷ್ಟ ಇರಲಿಲ್ಲ. ಅವರದು ಆಲೂರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಮನೆತನ. ಸರಳು ಬಂದರೆ ಬೆಳಕಿಗೆ ಹಿಡಿದು, ಪಂಚೆಯ ಅಂಚು ನೋಡುವಂತೆ ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, "ಇದರ ಬಿಳುಪು ಚೆನ್ನಾಗೈತೆ, ಇದನ್ನೇ ಹಾಕಿ" ಎನ್ನುತ್ತಿದ್ದರು. ಯಾವುದಕ್ಕೆ ಹಾಕಬೇಕು ಎಂಬ ಪ್ರಶ್ನೆ ಅವರ ಮಟ್ಟಿಗೆ ಆಮೇಲಿನದು. ಕೆಟ್ಟ ಮನುಷ್ಯರಲ್ಲ, ಕೈಯೂ ಬಿಗಿಯಲ್ಲ. ಆದರೆ ನಮ್ಮ ಮಾಲು ಕೆಟ್ಟರೆ ತಪ್ಪು ಬಳಸಿದವರದೇ ಎಂಬುದು ಅವರ ಗಟ್ಟಿ ನಂಬಿಕೆ.

ಔಷಧಿ ಪಂಪಿನ ಪ್ರಸಂಗವನ್ನೇ ನೋಡಿ. ಬೇಸಿಗೆಯಲ್ಲಿ ನಾವು ನೈಲಾನಿನ ಬುಷ್, ಅಂದರೆ ದಂಡ ಆಡುವ ಉಂಗುರದಂಥ ಕೊಳವೆ, ಹಾಕಿ ಪಂಪುಗಳನ್ನು ಕಳಿಸಿದೆವು. ಕೆ. ಹೊಸಕೋಟೆ ಕಡೆಯವರು ಚೆನ್ನಾಗಿವೆ ಎಂದರು. ಹೆತ್ತೂರಿನವರು ಮಳೆ ಶುರುವಾದ ಕೂಡಲೇ ಪಂಪು ಕಚ್ಚಿಕೊಂಡಿದೆ ಎಂದು ವಾಪಸು ತಂದರು. ನಾವು ಅವುಗಳನ್ನು ಕಾಫಿ ಕಾಸುವ ಒಲೆಯ ಪಕ್ಕದ ಅಟ್ಟಣಿಗೆಯಲ್ಲಿಟ್ಟು, ಕೆಲವು ವಾರದ ಮೇಲೆ ತೆಗೆದು ಒತ್ತಿ ನೋಡಿದರೆ ಬೆಣ್ಣೆಯಂತೆ ಓಡುತ್ತಿದ್ದವು. ಮತ್ತೆ ಹೆತ್ತೂರಿಗೆ ಕಳಿಸಿದೆವು. ಮತ್ತೆ ಕಚ್ಚಿಕೊಂಡವು.

"ಹೆತ್ತೂರಿನೋರ್ಗೆ ಪಂಪ್ ಹೊಡಿಯಾಕೆ ಬರಲ್ಲ ಕಣಮ್ಮ" ಎಂದು ರುದ್ರಪ್ಪನವರು ತೀರ್ಪು ಕೊಟ್ಟರು.

"ಸಾರ್, ನೈಲಾನ್ ನೀರು ಹೀರ್ಕೊಂಡು ಊದುತ್ತೆ. ಇಲ್ಲಿ ಒಣಗಿದ ಗಾಳಿಲಿ ಅಳತೆ ಹಿಡಿದು ಕೊರೆದಿದ್ದೀವಿ. ಅಲ್ಲಿ ತಿಂಗಳುಗಟ್ಟಲೆ ಮಳೆ. ಬುಷ್ ಊದಿ, ತೂತು ಕಿರಿದಾಗಿ, ಒಳಗಿನ ದಂಡ ಹಿಡ್ಕೊಳುತ್ತೆ" ಎಂದೆ.

"ಪ್ಲಾಸ್ಟಿಕ್ ನೀರು ಕುಡೀತದಾ? ಹಂಗಾದ್ರೆ ಕೊಡ ಯಾಕೆ ಮಾಡ್ತಾರೆ ಅದ್ರಲ್ಲಿ?" ಎಂದು ಅವರು ಗೆದ್ದವರಂತೆ ಸುತ್ತಲೂ ನೋಡಿದರು. ಕೊಡದ ಪ್ಲಾಸ್ಟಿಕ್ಕೇ ಬೇರೆ ಎಂದು ಹೇಳುವಷ್ಟರಲ್ಲಿ ಅವರು ಹೊರಟುಹೋಗಿದ್ದರು.

ಕೊನೆಗೊಂದು ದಿನ ಎರಡು ಬುಷ್ ತೋರಿಸಿ, ಒಂದನ್ನು ನೀರಲ್ಲಿ ಮುಳುಗಿಸಿಟ್ಟು, ಮುಂದಿನ ವಾರ ಅವರ ಕೈಯಲ್ಲೇ ಅಳತೆ ಹಿಡಿಸಿದೆ. ನಂಬಿದರು. ನಂಬದಿದ್ದಾಗಲೇ ವಾಸಿಯಿತ್ತು. ನೈಲಾನಿಗೆ ಮೊದಲೇ ನೀರು ಕುಡಿಸಿ ಆಮೇಲೆ ಕೊರೆಯುವ ಪದ್ಧತಿ ಉಂಟು ಎಂದು ನಾನೇ ಬಾಯಿ ತಪ್ಪಿ ಹೇಳಿದ್ದೆ. ಮರುದಿನ ಬಂದು ನೋಡುತ್ತೇನೆ, ಶೆಡ್ಡಿನ ಹಿಂದೆ ಮೂರು ಕಲ್ಲಿನ ಒಲೆ, ಮೇಲೆ ಮದುವೆ ಮನೆಯ ಹಂಡೆ, ಅದರಲ್ಲಿ ಕಾರ್ಖಾನೆಯ ಸಮಸ್ತ ಸರಳುಗಳೂ ಕೊತಕೊತ ಕುದಿಯುತ್ತಿವೆ. ಅಸಿಟಾಲ್ ನೀರು ಹೀರುವುದೇ ಅತ್ಯಲ್ಪ, ಅದಕ್ಕೆ ಈ ಉಪಚಾರ ಬೇಡ ಎಂದೆ. "ಇರ್ಲಿ ಬುಡಮ್ಮ, ಭೇದಭಾವ ಬೇಡ" ಎಂದರು. ತೆರಿಗೆ ಇಲಾಖೆಯಿಂದ ಬಂದ ಒಬ್ಬರು ಹಂಡೆ ನೋಡಿ, ಊಟ ಮುಗಿಸಿಕೊಂಡೇ ಹೋಗೋಣ ಎಂದು ಸ್ವಲ್ಪ ಹೊತ್ತು ಕಾದರು.

ಇಂಥ ನಮ್ಮ ಕಾರ್ಖಾನೆಗೆ ಒಂದು ಜಿಟಿಜಿಟಿ ಮಳೆಯ ದಿನ ದೇವೀರಮ್ಮ ಬಂದಳು.

ಮೊದಲು ಬಂದದ್ದು ಸದ್ದು. ಗೇಟಿನಿಂದ 'ಕಿರ್ರ್, ಟಕ್, ಕಿರ್ರ್, ಟಕ್' ಎಂದು ಕೇಳಿಸಿತು. ಯಾವುದೋ ಬೇರಿಂಗ್ ಹೋದ ತಳ್ಳುಗಾಡಿ ಎಂದುಕೊಂಡು ತಲೆ ಎತ್ತಿದರೆ, ನಡುವಯಸ್ಸಿನ ಒಬ್ಬ ಗಟ್ಟಿ ಹೆಂಗಸು. ಮಳೆಗೆ ತಲೆಯಿಂದ ಬೆನ್ನವರೆಗೆ ಪ್ಲಾಸ್ಟಿಕ್ ಗೊಪ್ಪೆ, ಕೈಯಲ್ಲಿ ಬಟ್ಟೆಯ ಚೀಲ. ಹೆತ್ತೂರಿನ ಮೇಲಿನ ಒಂದು ಕಾಫಿ ಎಸ್ಟೇಟಿನಲ್ಲಿ ಹೆಣ್ಣಾಳುಗಳ ಮೇಸ್ತ್ರಿ. ನನ್ನ ಮೇಜಿನ ಮುಂದಿನ ಬೆಂಚಿನ ಮೇಲೆ ಕುಳಿತು, "ಮೇಡಮ್ಮ, ಮಳೆ ಹಿಡೀತು ಅಂದ್ರೆ ಮಂಡಿ ಹಿಡ್ಕಂಬುಡ್ತೈತೆ" ಎಂದಳು.

ಆಚೆ ಲೇತ್ ಮೇಲೆ ಬಗ್ಗಿದ್ದ ಜಯಣ್ಣ ತಿರುಗಿಯೂ ನೋಡದೆ, "ನಮ್ಮವ್ವಂಗೂ ಹಂಗೇ ಕಣಮ್ಮ. ಎಣ್ಣೆ ಹಚ್ಚಿ ಬಿಸ್ನೀರ್ ಹುಯ್ಕ" ಎಂದ. ನಮ್ಮಲ್ಲಿ ಕೈ ಚುರುಕಾದ ಕೆಲಸಗಾರ ಅವನೇ, ಬಾಯಿ ಅದಕ್ಕಿಂತ ಚುರುಕು.

"ಎಣ್ಣೆನೂ ಹಚ್ದೆ, ಬಿಸ್ನೀರೂ ಹುಯ್ದೆ. ನಿಮ್ಮವ್ವನ ಮಂಡಿಗೆ ಬೋಲ್ಟ್ ಐತಾ ಮಾರಾಯ?" ಎನ್ನುತ್ತಾ ದೇವೀರಮ್ಮ ಸೀರೆ ಸರಿಸಿ, ಪಟ್ಟಿ ಬಿಚ್ಚಿ, ಎಡಗಾಲನ್ನು ತೆಗೆದು ನನ್ನ ಮೈಕ್ರೋಮೀಟರುಗಳ ನಡುವೆ ಮಲಗಿಸಿದಳು. ಜಯಣ್ಣನ ಲೇತ್ ತಾನಾಗಿ ನಿಂತಿತು.

ಕೆಲವು ವರ್ಷಗಳ ಹಿಂದೆ ನೆರಳಿನ ಮರ ಸವರುವಾಗ ಕೊಂಬೆ ಬಿದ್ದು ಅವಳ ಕಾಲು ತೊಡೆಯ ಹತ್ತಿರದಿಂದಲೇ ಹೋಗಿತ್ತು. ದೂರದ ಊರಿನ ಒಂದು ಕೇಂದ್ರದಲ್ಲಿ ಕೃತಕ ಕಾಲು ಹಾಕಿಕೊಟ್ಟಿದ್ದರು. ಒಳ್ಳೆಯ ಕಾಲೇ. ಬೇಸಿಗೆಯಲ್ಲಿ ಓಡಾಡುತ್ತಿತ್ತು. ಮಳೆಗಾಲದಲ್ಲಿ ಇಳಿಜಾರಿನ ನಡುವೆ ಮಂಡಿ ಮಡಿಸಲಾರದೆ ನಿಂತುಬಿಡುತ್ತಿತ್ತು, ಇವಳು ಬೀಳುತ್ತಿದ್ದಳು. ಎರಡು ಸಲ ಬಿದ್ದದ್ದನ್ನು ಮ್ಯಾನೇಜರು ನೋಡಿದ್ದರು. ಇನ್ನೊಂದು ಸಲ ಬಿದ್ದರೆ ತೋಟಕ್ಕೆ ಇಳಿಯುವುದು ಬೇಡ, ಸ್ಟೋರಿನಲ್ಲಿ ಕೂತು ಬೀಜ ಆರಿಸಿಕೊಂಡಿರು ಎಂದು ಹೇಳಿಯಾಗಿತ್ತು.

"ಒಳ್ಳೆ ಮಾತಲ್ಲೇ ಹೇಳವ್ರೆ. ಕೂತ್ಕಂಡು ಮಾಡೋ ಕೆಲ್ಸ, ಸಂಬ್ಳನೂ ಅಷ್ಟೇ. ಆದ್ರೆ ಆ ಇಳಿಜಾರು ನಂದು ಮೇಡಮ್ಮ" ಎಂದಳು. "ಯಾವ್ ಗಿಡ ಎಲ್ಲೈತೆ, ಯಾವ್ದು ಮೊದ್ಲು ಹಣ್ಣಾಯ್ತದೆ, ಎಲ್ಲಾ ನಂಗೊತ್ತು. ಕತ್ಲೆ ಸ್ಟೋರಲ್ಲಿ ಮುದುಕೀರ್ ಜೊತೆ ಬೀಜ ಕೆದಕ್ತಾ ಕೂರೋ ವಯಸ್ಸಾ ನಂದು? ಹಣ್ಣು ಕುಯ್ಯೋ ಕಾಲ ಬರೋದ್ರೊಳ್ಗೆ ಇದನ್ನ ಸರಿ ಮಾಡ್ಕೊಟ್ಬುಡಿ."

ಮಂಡಿಯ ಪಿನ್ನು ತೆಗೆದು ಒಳಗಿನ ಬುಷ್ ನೋಡಿದೆ. ಬಿಳಿ. ಚಾಕುವಿನಿಂದ ಒಂದು ಎಳೆ ಕೆತ್ತಿ ಬೆಂಕಿಕಡ್ಡಿ ಹಿಡಿದೆ. ಸುಟ್ಟ ಕೂದಲಿನ ವಾಸನೆ ಬಂತು. ಅದು ನೈಲಾನಿನ ಗುರುತು. ಅಸಿಟಾಲ್ ಆಗಿದ್ದರೆ ಹೊಗೆ ಇಲ್ಲದ ನೀಲಿ ಉರಿ ಬಂದು, ಕಣ್ಣು ಮೂಗು ಎರಡಕ್ಕೂ ಚುರುಗುಟ್ಟುವಂಥ ಘಾಟು ಹೊಡೆಯುತ್ತಿತ್ತು. ಈ ಪರೀಕ್ಷೆಯನ್ನು ಮೂಗಿಗೆ ತಾಗಿಸಿ ಮಾಡಬೇಡಿ. ನಾನು ಮಾಡಿ ಮಾಡಿ, ಈಗ ಮನೆಯಲ್ಲಿ ಸಾರು ಸೀದರೂ ಗೊತ್ತಾಗುವುದಿಲ್ಲ.

ಅಂದರೆ ಹೆತ್ತೂರಿನ ಪಂಪಿಗೆ ಆದದ್ದೇ ದೇವೀರಮ್ಮನ ಮಂಡಿಗೂ ಆಗಿತ್ತು. ಕಾಲು ಮಾಡಿಕೊಟ್ಟವರಿಗೆ ಫೋನ್ ಮಾಡಿದೆ. ಬುಷ್ ಬದಲಾಯಿಸಬಹುದು, ಅಳತೆ ಅದೇ ಇರಲಿ, ಬೇರೆ ಏನನ್ನೂ ಮುಟ್ಟಬೇಡಿ ಎಂದರು. ನಾನು ಕೋಪಾಲಿಮರ್ ಅಸಿಟಾಲ್ ತರಿಸೋಣ ಎಂದೆ. ಅದು ನಮ್ಮ ದಾಸ್ತಾನಿನಲ್ಲಿ ಇರಲಿಲ್ಲ.

ಅಷ್ಟರಲ್ಲಿ ರುದ್ರಪ್ಪನವರು ಬಂದು ವಿಷಯ ಕೇಳಿ, ಕಾಲನ್ನು ತಿರುಗಿಸಿ ಮುರುಗಿಸಿ ನೋಡಿದರು. ಅವರಿಗೆ ನಿಜಕ್ಕೂ ಮರುಕವಾಯಿತು, ದುಡ್ಡು ಬೇಡ ಎಂದೂ ಹೇಳಿದರು. ಅಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು.

"ದೋಸೆ ಕಾವಲಿದು ಹಾಕಿ" ಎಂದರು.

"ಸಾರ್, ಪಿಟಿಎಫ್‌ಇ ಮೆತ್ತಗೆ. ಭಾರ ಬಿದ್ದರೆ..."

"ದೋಸೇನೇ ಅಂಟಲ್ಲ ಅಂದ್ಮೇಲೆ ಮಂಡಿ ಯಾಕೆ ಅಂಟ್ಕಂತದೆ?" ಎಂದರು. ಈ ತರ್ಕಕ್ಕೆ ಉತ್ತರ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ದೇವೀರಮ್ಮನೂ ಅವರ ಕಡೆಗೇ ಸೇರಿದಳು, ಅವಳ ಮನೆಯ ಕಾವಲಿಯಲ್ಲೂ ದೋಸೆ ಚೆನ್ನಾಗಿ ಏಳುತ್ತಿತ್ತಂತೆ. ಜಯಣ್ಣ ಕೊರೆದ, ಹಾಕಿದೆವು. ಮಂಡಿ ಸದ್ದಿಲ್ಲದೆ ಮಡಚಿಕೊಂಡಿತು. ರುದ್ರಪ್ಪನವರು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ಪಿಟಿಎಫ್‌ಇ ಜಾರುತ್ತದೆ ನಿಜ. ಆದರೆ ಒಂದೇ ಕಡೆ ಭಾರ ಬೀಳುತ್ತಿದ್ದರೆ ಅದು ತಾನೇ ಮೆಲ್ಲಗೆ ಜರುಗುತ್ತಾ, ಚಪ್ಪಟೆಯಾಗುತ್ತಾ ಹೋಗುತ್ತದೆ. ಆಷಾಢ ಮುಗಿಯುವುದರೊಳಗೆ ದೇವೀರಮ್ಮ ಮತ್ತೆ ಬಂದಳು. "ಈಗ ಹಿಡ್ಕಳಲ್ಲ ಮೇಡಮ್ಮ. ಈಗ ಕುಡ್ದೋರ್ ಥರ ತೂರಾಡ್ತೈತೆ. ಮೊನ್ನೆ ಬಿದ್ಬುಟ್ಟೆ. ಪುಣ್ಯಕ್ಕೆ ಮ್ಯಾನೇಜ್ರು ನೋಡ್ಲಿಲ್ಲ" ಎಂದಳು. ನಗುತ್ತಲೇ ಹೇಳಿದಳು, ಆದರೆ ಅಂಗೈ ತರಚಿ ಹೋಗಿತ್ತು.

ಅದೇ ವಾರ ಬೆಂಗಳೂರಿನಿಂದ ಒಬ್ಬ ಮಾರಾಟ ಪ್ರತಿನಿಧಿ ಬಂದಿದ್ದ. ನೀಟಾಗಿ ಇಸ್ತ್ರಿ ಮಾಡಿದ ಅಂಗಿ, ಲ್ಯಾಪ್‌ಟಾಪು. ಹೋಮೋ ಮತ್ತು ಕೋ ಎರಡರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದ. ಗಟ್ಟಿತನದಲ್ಲಿ ಹೋಮೋ ಮುಂದೆ, ಬಾಗದಿರುವುದರಲ್ಲಿ ಹೋಮೋ ಮುಂದೆ, ಸವೆಯದಿರುವುದರಲ್ಲೂ ಹೋಮೋ ಮುಂದೆ. ಹುಡುಗ ಸುಳ್ಳು ಹೇಳಲಿಲ್ಲ, ಎಲ್ಲ ಸರಿಯಾದ ಅಂಕಿಗಳೇ. ಹವಾನಿಯಂತ್ರಿತ ಕೋಣೆಯಲ್ಲಿ, ಹದವಾದ ತೇವದಲ್ಲಿ ತೆಗೆದ ಅಂಕಿಗಳು. ಶ್ರಾವಣದಲ್ಲಿ ಹೆತ್ತೂರಿನಲ್ಲಿ ಅಂಥ ತೇವ ಬೇಕಾದರೆ ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ಕೂರಬೇಕು.

"ಹಂಗಾದ್ರೆ ಫಸ್ಟ್ ಬಂದಿರೋನು ಇವ್ನು" ಎಂದು ರುದ್ರಪ್ಪನವರು ಹೋಮೋವನ್ನು ಬೆರಳು ಮಾಡಿ ತೋರಿಸಿದರು. ಅಷ್ಟೇ ಆಗಿದ್ದರೂ ನಾನು ಒಪ್ಪಿಬಿಡುತ್ತಿದ್ದೆನೇನೋ. ಹೋಮೋದ ಮೇಲೆ ನನಗೇನೂ ಹಗೆಯಿಲ್ಲ. ತೆಳುವಾದ ಹಲ್ಲಿನ ಚಕ್ರಕ್ಕೆ, ಮತ್ತೆ ಮತ್ತೆ ಬಾಗಿ ನೆಟ್ಟಗಾಗಬೇಕಾದ ಕೊಕ್ಕೆಗೆ ಅದೇ ಮೇಲು. ಆದರೆ ರುದ್ರಪ್ಪನವರ ಕಣ್ಣು ಅಟ್ಟಣಿಗೆಯ ಮೇಲಿದ್ದ ಒಂದು ದಪ್ಪ ಹೋಮೋ ಸರಳಿನ ಮೇಲೆ ಬಿತ್ತು. ಯಾವುದೋ ಕೆಲಸಕ್ಕೆ ತರಿಸಿ, ಆ ಕೆಲಸ ಕೈತಪ್ಪಿ, ಧೂಳು ಹಿಡಿದು ಬಿದ್ದಿದ್ದ ತುಂಡು. ಸುಮ್ಮನೆ ಬಿದ್ದಿದ್ದನ್ನು ಕಂಡರೆ ಅವರಿಗೆ ನಿದ್ದೆ ಬರುವುದಿಲ್ಲ.

ನಾನು ಆ ಸರಳಿನ ತುದಿಯನ್ನು ನಯವಾಗಿ ಕತ್ತರಿಸಿ, ಮೇಲೆ ಪೆನ್ನಿನ ಶಾಯಿ ಬಳಿದು, ಬಟ್ಟೆಯಿಂದ ಒರೆಸಿದೆ. ಸುತ್ತ ಎಲ್ಲ ಬಿಳಿಯಾಯಿತು, ನಟ್ಟನಡುವೆ ಮಾತ್ರ ನೀಲಿ ಬೊಟ್ಟು ಉಳಿಯಿತು. ಹೋಮೋದ ದಪ್ಪ ಸರಳು ತಯಾರಾಗುವಾಗ ಹೊರಗಿನಿಂದ ತಣಿಯುತ್ತಾ ಬರುತ್ತದೆ, ನಡುಭಾಗ ಕೊನೆಗೆ ತಣಿದು ಕುಗ್ಗುವುದರಿಂದ ಅಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳು ಉಳಿದುಬಿಡುತ್ತವೆ. ಶಾಯಿ ಅಲ್ಲಿಗೆ ಇಳಿಯುತ್ತದೆ. ಕೋದಲ್ಲಿ ಈ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ.

"ನೋಡಿ ಸಾರ್, ನಾವು ಕೊರೆಯೋ ತೂತಿಗಿಂತ ಈ ಬೊಟ್ಟೇ ಅಗಲ. ಪಿನ್ನು ತಿರುಗೋದು ಈ ಸಡಿಲ ಜಾಗದ ಮೇಲೇ. ಕೆಸರು ಸೇರ್ಕೊಳುತ್ತೆ."

"ಬೊಟ್ಟು ಇದ್ರೆ ಲಕ್ಷಣ ಕಣಮ್ಮ. ಅಷ್ಟಕ್ಕೂ ಅದು ಒಳ್ಗಡೆ ತಾನೆ, ಯಾರ್ ನೋಡ್ತಾರೆ?" ಎಂದರು ರುದ್ರಪ್ಪನವರು. ಕಾರ್ಖಾನೆ ಅವರದು, ಸರಳು ಅವರದು. ನಾನು ಎಷ್ಟು ವಾದಿಸಿದರೂ ಆಗಲಿಲ್ಲ. ಜಯಣ್ಣ ಕೊರೆದ.

ಮಹಾಲಯ ಅಮಾವಾಸ್ಯೆಯವರೆಗೆ ಆ ಬುಷ್ ಮರ್ಯಾದೆಯಿಂದ ನಡೆದುಕೊಂಡಿತು. ಆಮೇಲೆ ಹೆತ್ತೂರಿನ ಕೆಂಪು ಕೆಸರು ಆ ರಂಧ್ರಗಳಲ್ಲಿ ಹೊಕ್ಕು ಕೂತಿತು. ಮರಳು ಕಾಗದದ ಮೇಲೆ ಉಜ್ಜಿದಂತೆ ಪಿನ್ನು ಸವೆಯತೊಡಗಿತು. ದೇವೀರಮ್ಮ ಸಂಜೆ ಸಂಜೆ ಬಿಸಿನೀರು, ಸೋಪಿನ ಪುಡಿ ಹಾಕಿ ಮಂಡಿ ತೊಳೆಯುತ್ತಿದ್ದಳು. ಅದೂ ಹೋಮೋಗೆ ಅಷ್ಟಾಗಿ ಆಗಿಬರುವುದಿಲ್ಲ. ಹಳೆಯ 'ಕಿರ್ರ್' ವಾಪಸು ಬಂತು, ಈ ಸಲ ಇನ್ನೂ ಜೋರಾಗಿ. ನಡುನಡುವೆ ಮಂಡಿ ಒಮ್ಮೆಲೇ ಕಚ್ಚಿಕೊಳ್ಳುತ್ತಿತ್ತು.

ದೇವೀರಮ್ಮ ಫೋನ್ ಮಾಡಿದಳು. "ದೀಪಾವಳಿವರ್ಗೂ ನೋಡ್ತೀನಿ, ಆಮೇಲೆ ಸ್ಟೋರಿಗೆ ನಡಿ ಅಂದ್ಬುಟ್ರು ಮ್ಯಾನೇಜ್ರು, ಮೇಡಮ್ಮ. ಹಣ್ಣು ಆಗ್ಲೇ ಕೆಂಪೇರ್ತಾ ಐತೆ." ಆ ಸಲ ಅವಳು ನಗಲಿಲ್ಲ. "ನನ್ನ ಕೂರ್ಸಿದ್ರೆ ನಿಮ್ ಕಾರ್ಖಾನೆ ಬಾಗ್ಲಲ್ಲೇ ಬಂದು ಕೂತ್ಕತೀನಿ" ಎಂದು ಇಟ್ಟುಬಿಟ್ಟಳು.

ನಾನು ನೇರವಾಗಿ ರುದ್ರಪ್ಪನವರ ಕೋಣೆಗೆ ಹೋಗಿ, ಈಗಲಾದರೂ ಕೋ ತರಿಸಿ ಎಂದು ಸ್ವಲ್ಪ ಗಡುಸಾಗಿಯೇ ಹೇಳಿದೆ. ಅವರು ಕನ್ನಡಕ ಒರೆಸುತ್ತಾ ಯೋಚಿಸಿ, ನಾನು ನಿರೀಕ್ಷಿಸಿದ್ದ ಮಾತನ್ನೇ ಆಡಿದರು. "ಆಯಮ್ಮಂಗೆ ನಡಿಯಾಕೆ ಬರ್ತದಾ ಅಂತ ಮೊದ್ಲು ನೋಡ್ಬೇಕು. ನಡಿ, ಹೆತ್ತೂರಿಗೇ ಹೋಗನ."

ಹೋದೆವು. ದೀಪಾವಳಿಗೆ ಮುಂಚಿನ ಹಿಂಗಾರು ಮಳೆ, ದಾರಿಯೆಲ್ಲ ಕೆಸರು. ಕಾರು ಎಸ್ಟೇಟಿನ ಗೇಟಿನಿಂದ ಮುಂದೆ ಹತ್ತಲಿಲ್ಲ. ರುದ್ರಪ್ಪನವರು ಗಂಜಿ ಹಾಕಿದ ಬಿಳಿ ಪಂಚೆ, ಸವೆದ ಚರ್ಮದ ಚಪ್ಪಲಿಯಲ್ಲಿ ಇಳಿದರು. ತೋಟದೊಳಗೆ ಹೆಣ್ಣಾಳುಗಳು ಕಳೆ ತೆಗೆಯುತ್ತಿದ್ದರು. ಮ್ಯಾನೇಜರು ಕೊಡೆ ಹಿಡಿದು ಒಂದು ಬಂಡೆಯ ಮೇಲೆ ನಿಂತಿದ್ದರು. ದೇವೀರಮ್ಮ ನಮ್ಮನ್ನು ಕಂಡು, "ಬನ್ನಿ ಯಜಮಾನ್ರೇ, ನನ್ ಇಳಿಜಾರು ತೋರುಸ್ತೀನಿ" ಎಂದು ಮುಂದೆ ಹೊರಟಳು.

ಅವಳು ನಡೆದ ರೀತಿ ನೋಡಬೇಕಿತ್ತು. ಮೊದಲು ಕೋಲು ಊರಿ, ಒಳ್ಳೆಯ ಕಾಲನ್ನು ಗಿಡದ ಬುಡಕ್ಕೆ ಆನಿಸಿ, ಕಿರುಗುಟ್ಟುವ ಕಾಲನ್ನು ಅಡ್ಡಲಾಗಿ ತಂದು ಇಡುತ್ತಿದ್ದಳು. ಮಂಡಿ ಕಚ್ಚಿಕೊಂಡಾಗ ಒಂದು ಕ್ಷಣ ನಿಂತು, ಸೊಂಟದಿಂದ ಒದರಿ ಬಿಡಿಸಿಕೊಂಡು ಮತ್ತೆ ಇಳಿಯುತ್ತಿದ್ದಳು. ಪ್ರತಿ ಹೆಜ್ಜೆಯೂ ಲೆಕ್ಕಾಚಾರ. ಅಷ್ಟು ಹೊತ್ತಿಗೆ ನನ್ನ ಪಕ್ಕದಲ್ಲಿ ಧೊಪ್ಪನೆ ಸದ್ದಾಯಿತು. ರುದ್ರಪ್ಪನವರು ಕುಳಿತುಬಿಟ್ಟಿದ್ದರು. ನಾನು ಎಬ್ಬಿಸಿದೆ. ಎದ್ದವರು ಮೆಣಸಿನ ಬಳ್ಳಿ ಹಿಡಿದುಕೊಂಡರು. ಬಳ್ಳಿ ಕೈಗೆ ಬಂತು, ಅವರು ಮತ್ತೆ ನೆಲಕ್ಕೆ ಬಂದರು. ಈ ಸಲ ಸ್ವಲ್ಪ ದೂರ ಜಾರಿಕೊಂಡೂ ಹೋದರು. ಬಿಳುಪಿನ ಪರೀಕ್ಷಕರ ಪಂಚೆ ಪೂರ್ತಿ ಕೆಂಪಾಗಿತ್ತು.

ಆಳುಗಳು ಸೆರಗು ಬಾಯಿಗೆ ತುರುಕಿಕೊಂಡರು. ದೇವೀರಮ್ಮ ಕೆಳಗಿನಿಂದ ತಿರುಗಿ ನೋಡಿ, ಗಟ್ಟಿಯಾಗಿ, ಇಡೀ ತೋಟಕ್ಕೆ ಕೇಳಿಸುವಂತೆ, "ಯಜಮಾನ್ರೇ, ನಿಮ್ಮ ಮಂಡಿಗೆ ಯಾವ ಪ್ಲಾಸ್ಟಿಕ್ ಹಾಕ್ಸಿದ್ದೀರಿ? ಅದೂ ಬದಲಾಯ್ಸ್ಬೇಕಲ್ಲ!" ಎಂದಳು.

ಮ್ಯಾನೇಜರು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಕೊಡೆ ಕುಲುಕುತ್ತಿತ್ತು.

ವಾಪಸು ಬರುವಾಗ ರುದ್ರಪ್ಪನವರು ಸೀಟಿನ ಮೇಲೆ ಹಳೆಯ ಪೇಪರು ಹಾಸಿಕೊಂಡು ಕುಳಿತಿದ್ದರು. ಸಕಲೇಶಪುರ ದಾಟಿ ಆಲೂರಿನ ಕಡೆ ತಿರುಗಿದ ಮೇಲೆ, ಕಿಟಕಿಯಾಚೆ ನೋಡುತ್ತಲೇ, "ಅದೇ, ಆ ಇನ್ನೊಂದು ಯಾವ್ದಮ್ಮ ನೀನು ಹೇಳ್ತಿದ್ದಿದ್ದು? ಬಿಳೀದು?" ಎಂದು ಕೇಳಿದರು.

"ಎಲ್ಲಾ ಬಿಳೀದೇ ಸಾರ್. ಇದರ ಹೆಸರು ಕೋಪಾಲಿಮರ್."

"ಹೂಂ. ತರ್ಸು."

ಬಂತು. ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಜಯಣ್ಣ ಒಳ್ಳೆಯ ಕೆಲಸಗಾರ, ಒಳ್ಳೆಯ ಕೆಲಸಗಾರರು ಸುಮ್ಮನಿರುವುದಿಲ್ಲ. ಹೊಸ ಸರಳು ಬಂದ ದಿನ ನಾನು ಹಾಸನಕ್ಕೆ ಹೋಗಿದ್ದೆ. ಮೇಡಂ ಬರುವುದರೊಳಗೆ ಸಿದ್ಧವಾಗಿರಲಿ ಎಂದು ಅವನು ಗೇಣುದ್ದವಷ್ಟೇ ಬಂದಿದ್ದ ಹೊಸದರ ತುದಿ ಕತ್ತರಿಸಿ, ಹೋಲಿಸಿ ನೋಡಲಿಕ್ಕೆ ಇರಲಿ ಎಂದು ಉಳಿದ ಹೋಮೋವನ್ನೂ ಅಷ್ಟೇ ಉದ್ದಕ್ಕೆ ಕತ್ತರಿಸಿ, ಎರಡನ್ನೂ ಲೇತಿಗೆ ಹಾಕಿ ಒಂದೇ ದಪ್ಪಕ್ಕೆ ತಿರುವಿ, ಶುಚಿಯಾಗಿ ತೊಳೆದು, ಪಕ್ಕಪಕ್ಕ ಇಟ್ಟಿದ್ದ. ಹೆಸರಿನ ಗುರುತು ಇದ್ದ ತುದಿಗಳು ಕಸದ ಬುಟ್ಟಿಗೆ ಹೋಗಿ, ಕಸ ಗಾಡಿಯಲ್ಲಿ ಹೋಗಿತ್ತು.

"ಯಾವ್ದು ಯಾವ್ದೋ ಜಯಣ್ಣ?" ಎಂದೆ.

ಅವನು ಎರಡನ್ನೂ ನೋಡಿದ. "ಎಡಗಡೇದು ಹೊಸ್ದು... ಅಲ್ಲ, ತೊಳೆಯೋವಾಗ ಬದಲಾಗೋಗ್ಬುಟ್ತೇನೋ" ಎಂದ. ಅವನ ಮುಖ ಸರಳುಗಳಿಗಿಂತ ಬಿಳಿಯಾಯಿತು.

ಸುಟ್ಟು ಮೂಸಿದರೆ ಎರಡರದೂ ಒಂದೇ ಘಾಟು. ನೀರಿಗೆ ಹಾಕಿದರೆ ಎರಡೂ ಮುಳುಗುತ್ತವೆ. ದೀಪಾವಳಿ ಮುಂದಿನ ವಾರ. ರುದ್ರಪ್ಪನವರು ಓಡಿಬಂದು ಎರಡನ್ನೂ ಉಜ್ಜಿ ನೋಡಿದರು, ಬೆಳಕಿಗೆ ಹಿಡಿದರು. ಮೊದಲ ಬಾರಿಗೆ ಅವರಿಗೂ ಬಿಳುಪು ಕೈಕೊಟ್ಟಿತು. ಎರಡರ ತುದಿಗೂ ಶಾಯಿ ಬಳಿದೆ, ಒರೆಸಿದೆ. ಒಂದರ ನಡುವೆ ಬೊಟ್ಟು ಉಳಿಯಿತು. ಇನ್ನೊಂದು ಮೊದಲಿನಂತೆಯೇ ಬೆಳ್ಳಗಾಯಿತು. "ಬೊಟ್ಟಿಲ್ಲದ್ದೇ ನಮ್ದು!" ಎಂದು ರುದ್ರಪ್ಪನವರು ಕೂಗಿದ್ದು ಆಚೆ ರಸ್ತೆಗೆ ಕೇಳಿಸಿರಬೇಕು. ಲಕ್ಷಣದ ಮಾತನ್ನು ನಾನು ನೆನಪಿಸಲಿಲ್ಲ, ಅಷ್ಟು ದಾಕ್ಷಿಣ್ಯ ನನಗೂ ಇದೆ.

ಆಮೇಲೆ ಪ್ರತಿ ಸರಳಿನ ಮೇಲೂ ಈ ತುದಿಯಿಂದ ಆ ತುದಿಯವರೆಗೆ ಉದ್ದಕ್ಕೆ ಬಣ್ಣದ ಪಟ್ಟೆ ಎಳೆಯುವ ಪದ್ಧತಿ ಬಂತು. ಎಲ್ಲಿ ಕತ್ತರಿಸಿದರೂ ಗುರುತು ಉಳಿಯುತ್ತದೆ. ನೈಲಾನಿಗೆ ಕೆಂಪು, ಹೋಮೋಗೆ ನೀಲಿ, ಕೋಗೆ ಹಸಿರು. ಬಣ್ಣ ಆರಿಸಿದ್ದು ರುದ್ರಪ್ಪನವರೇ, ಅದರಲ್ಲಿ ಅವರ ಕಣ್ಣು ಚೆನ್ನ. ಹೊಸಬರಿಗೆ ನಾನು ಕೊಡಬಹುದಾದ ಬುದ್ಧಿವಾದ ಇದೊಂದೇ: ತಿರುವುವ ಮುಂಚೆ ಆ ಪಟ್ಟೆ ನೋಡಿ, ತಿರುವಿದ ಮೇಲೆ ತುಂಡಿನ ತುದಿಗೆ ಅದೇ ಬಣ್ಣದ ಚುಕ್ಕೆ ಇಡಿ. ಮಿಕ್ಕಿದ್ದೆಲ್ಲ ತಪ್ಪು ಮಾಡಿ ಕಲಿಯುತ್ತೀರಿ.

ಹೊಸ ಪಿನ್ನು, ಹೊಸ ಬುಷ್ ಹಾಕಿ ಕೊಟ್ಟೆವು. ದೇವೀರಮ್ಮ ನಮ್ಮ ಶೆಡ್ಡಿನ ಉದ್ದಕ್ಕೂ ಹೋಗಿ ಬಂದಳು. "ಸದ್ದೇ ಇಲ್ಲ" ಎಂದಳು, ಕಾಲನ್ನು ನಂಬಲಾರದವಳಂತೆ ಬಗ್ಗಿ ನೋಡುತ್ತಾ. ನಾನು ಹಿಗ್ಗಲು ಹೋಗಲಿಲ್ಲ. ಹಿಂದೆ ಎರಡು ಸಲವೂ ಹೀಗೇ ಆಗಿತ್ತು.

ದೀಪಾವಳಿ ಕಳೆಯಿತು, ಹಣ್ಣು ಕುಯ್ಯುವ ಕಾಲ ಬಂತು. ಫೋನಿಲ್ಲ. ನನಗೆ ದಿನವೂ ಒಳಗೊಳಗೇ ಅಳುಕು. ಒಂದು ಸಂತೆಯ ದಿನ ಗೇಟಿನಲ್ಲಿ ಹೆಂಗಸರ ಒಂದು ಗುಂಪು ಕಾಣಿಸಿತು. ಹೆತ್ತೂರಿನ ಆಳುಗಳು, ಸಂತೆಗೆ ಬಂದವರು. ಅವರಲ್ಲೊಬ್ಬಳ ಮುಖ ನೆನಪಿತ್ತು, ಅಂದು ಸೆರಗು ತುರುಕಿಕೊಂಡು ನಕ್ಕಿದ್ದವಳು. "ಏನಾಯ್ತು? ಬಿದ್ದಳಾ?" ಎಂದು ಕೇಳಿದೆ.

"ಎಲ್ ಬೀಳ್ತಾಳೆ ಮೇಡಮ್ಮ!" ಎಂದು ಅವಳು ಸಿಡುಕಿದಳು. "ಮೊದ್ಲೆಲ್ಲ ಕಿರ್ರ್ ಅಂತ ಸದ್ದು ಬರೋದು, ನಾವು ಕುಂತಿದ್ರೆ ಎದ್ದು ಕೈ ಆಡುಸ್ತಿದ್ವಿ. ಈಗ ಎಲೆ ಅಡಿಕೆ ಬಾಯ್ಗೆ ಹಾಕ್ಕಳಾಕೂ ಬುಡಲ್ಲ, ಬೆಕ್ಕಿನಂಗೆ ಹಿಂದ್ಗಡೆ ಬಂದು ನಿಂತಿರ್ತಾಳೆ. ಮ್ಯಾನೇಜ್ರು ಕೆಳಗಿನ ತೋಟಾನೂ ಅವ್ಳಿಗೇ ವಹಿಸ್ಬುಟ್ಟವ್ರೆ. ನಿಮ್ ಕೈ ಮುಗೀತೀವಿ, ಆ ಹಳೇ ಪ್ಲಾಸ್ಟಿಕ್ಕೇ ಹಾಕ್ಬುಡಿ ಮೇಡಮ್ಮ."

ಅವರು ತಮಾಷೆ ಮಾಡುತ್ತಿರಲಿಲ್ಲ. ಜಯಣ್ಣ ಲೇತ್ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡ. ನನ್ನ ಇಡೀ ಸೇವೆಯಲ್ಲಿ, ಚೆನ್ನಾಗಿ ಮಾಡಿದ ಬಿಡಿಭಾಗವನ್ನು ದಯವಿಟ್ಟು ಕೆಡಿಸಿಕೊಡಿ ಎಂದು ಬಂದ ದೂರು ಅದೊಂದೇ. ರುದ್ರಪ್ಪನವರು ಅವರಿಗೆ ಕಾಫಿ ಕುಡಿಸಿ, ತುಂಬ ವಿಷಾದದಿಂದ, ಆ ಹಳೆಯ ಮಾಲು ಈಗ ಬರುತ್ತಿಲ್ಲ ಎಂದು ಹೇಳಿ ಕಳಿಸಿದರು.

ನಿವೃತ್ತಿಯಾದ ಮೇಲೆ, ಈ ಮಳೆಗಾಲದಲ್ಲಿ, ಹೆತ್ತೂರಿಗೆ ಒಂದು ಮದುವೆ ಮಾತುಕತೆಗೆ ಹೋಗಿದ್ದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಆ ಎಸ್ಟೇಟಿನ ಗೇಟಿನ ತನಕ ನಡೆದು ಹೋದೆ. ಮಳೆ ಆಗಷ್ಟೇ ಬಿಟ್ಟಿತ್ತು, ಎಲೆಯಿಂದ ಹನಿ ಬೀಳುವುದು ಬಿಟ್ಟರೆ ತೋಟ ನಿಶ್ಶಬ್ದ. ಇಳಿಜಾರಿನ ಕಡೆ ಕಿವಿಗೊಟ್ಟು ನಿಂತೆ. ಹಳೆಯ ಚಾಳಿ, ಎಲ್ಲೋ ಏನೋ ಉಜ್ಜುತ್ತಿದೆಯೇ, ಕಚ್ಚುತ್ತಿದೆಯೇ ಎಂದು ಕೇಳುತ್ತಲೇ ವಯಸ್ಸು ಕಳೆದವಳು. ಏನೂ ಕೇಳಿಸಲಿಲ್ಲ. ಇವತ್ತು ಕೆಲಸಕ್ಕೆ ಬಂದಿಲ್ಲವೇನೋ, ಅಥವಾ ಕೊನೆಗೂ ಸ್ಟೋರಿನಲ್ಲಿ ಕೂರಿಸಿಬಿಟ್ಟರೇನೋ ಎಂದು ಮನಸ್ಸು ಸಣ್ಣಗಾಯಿತು.

"ಏನ್ ಮೇಡಮ್ಮ, ಕೆಲ್ಸ ಬುಟ್ಟು ಸುಮ್ನೆ ನಿಂತ್ಕಂಬುಟ್ಟಿದ್ದೀರಿ?"

ಬೆಚ್ಚಿ ತಿರುಗಿದೆ. ಬೆನ್ನ ಹಿಂದೆ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಗೊಪ್ಪೆಯೊಳಗಿಂದ ದೇವೀರಮ್ಮ ನಗುತ್ತಿದ್ದಳು. ಅವಳು ಬಂದದ್ದು ನನಗೆ ಕೇಳಿಸಿರಲೇ ಇಲ್ಲ.